ಹಂಚಿಕೊಂಡ ಮಗುವಿಗೆ ಸ್ಟಾರ್ ಬೇಕೆ?

ಒಂದನೇ ತರಗತಿಯ ಗೋಡೆಯಲ್ಲಿ ಮಗ್ಗಿ ಚಾರ್ಟಿನ ಪಕ್ಕ ಈಗ ಇನ್ನೊಂದು ಚಾರ್ಟು ತೂಗುವುದುಂಟು. ಎಡಕ್ಕೆ ಮಕ್ಕಳ ಹೆಸರು, ಬಲಕ್ಕೆ ಸ್ಟಾರುಗಳ ಸಾಲು. ಪೆನ್ಸಿಲ್ ಕೊಟ್ಟರೆ ಒಂದು, ಬಿದ್ದವರನ್ನು ಎಬ್ಬಿಸಿದರೆ ಒಂದು. ತಿಂಗಳ ಕೊನೆಗೆ ಹೆಚ್ಚು ಬಂದವರಿಗೆ ಚಪ್ಪಾಳೆ, ಕೆಲವೆಡೆ ಚಾಕೊಲೇಟು. ದಯೆಯನ್ನು ಹೀಗೆ ಕಲಿಸಬಹುದೆ? ಎರಡೂ ಕಡೆಯ ವಾದ ಬರೆಯುವಾಗ ನನ್ನ ಕೈ ವಿರೋಧದ ಕಡೆ ತುಸು ಉದ್ದವಾಯಿತು. ಬೇಕೆಂದೇ ಹಾಗೆ ಬಿಟ್ಟಿದ್ದೇನೆ.

ಪರ: ತೋರಿಸದೆ ತಿಳಿಯುವುದು ಹೇಗೆ?

ಐದಾರು ವರ್ಷದ ಮಗುವಿಗೆ ‘ಒಳ್ಳೆಯವನಾಗಿರು’ ಅಂದರೆ ಏನೂ ಹೊಳೆಯುವುದಿಲ್ಲ. ಗಲಾಟೆ ಮಾಡದೆ ಕೂತಿರುವುದೇ ಒಳ್ಳೆಯತನ ಅಂದುಕೊಳ್ಳುತ್ತದೆ. ನಾವೂ ಬಹಳ ಸಲ ಅದನ್ನೇ ಹೇಳಿರುತ್ತೇವೆ. ಹೊಸದಾಗಿ ಸೇರಿದ, ಇನ್ನೂ ಕನ್ನಡ ಬಾರದ ಹುಡುಗಿಯನ್ನು ಬಿಸಿಯೂಟದ ಸಾಲಿನಲ್ಲಿ ಪಕ್ಕಕ್ಕೆ ಕರೆದು ಕೂರಿಸಿಕೊಂಡೆಯಲ್ಲ, ಅದು ಒಳ್ಳೆಯತನ ಎಂದು ಯಾರಾದರೂ ಬೊಟ್ಟು ಮಾಡಿ ತೋರಿಸಬೇಕು. ಸ್ಟಾರ್ ಮಾಡುವ ಕೆಲಸ ಅಷ್ಟೇ.

ಮಗ್ಗಿ ಒಪ್ಪಿಸಿದವನಿಗೆ ‘ವೆರಿ ಗುಡ್’, ಓಟದಲ್ಲಿ ಗೆದ್ದವಳಿಗೆ ಸ್ಟೀಲ್ ತಟ್ಟೆ, ಅಳುತ್ತಿದ್ದವನನ್ನು ಕೈಹಿಡಿದು ಟೀಚರ್ ಹತ್ತಿರ ಕರೆತಂದವನಿಗೆ ಮಾತ್ರ ಏನೂ ಇಲ್ಲ ಎಂದಾದರೆ, ದೊಡ್ಡವರು ಯಾವುದಕ್ಕೆ ಬೆಲೆ ಕೊಡುತ್ತಾರೆಂದು ಮಗು ಲೆಕ್ಕ ಹಾಕಿಬಿಡುತ್ತದೆ.

ಬಹುಮಾನ ಮಕ್ಕಳನ್ನು ಕೆಡಿಸುತ್ತದೆ ಎನ್ನುವವರು 1973ರ ಸ್ಟ್ಯಾನ್‌ಫರ್ಡ್ ಪ್ರಯೋಗವನ್ನು ಎತ್ತುತ್ತಾರೆ. ಚಿತ್ರ ಬರೆದರೆ ಪ್ರಮಾಣಪತ್ರ ಸಿಗುತ್ತದೆ ಎಂದು ಮೊದಲೇ ತಿಳಿದಿದ್ದ ನರ್ಸರಿ ಮಕ್ಕಳು ಆಮೇಲೆ ಸ್ಕೆಚ್ ಪೆನ್ನು ಮುಟ್ಟುವುದೇ ಕಡಿಮೆಯಾಯಿತು, ನಿಜ. ಆದರೆ ಮೊದಲು ಏನೂ ಹೇಳದೆ ಕೊನೆಗೆ ಅದೇ ಪತ್ರ ಕೊಟ್ಟಾಗ ಮಕ್ಕಳ ಆಸಕ್ತಿ ಕುಂದಲಿಲ್ಲ. ಮುಂಚಿತವಾಗಿ ಆಸೆ ಹುಟ್ಟಿಸುವುದು ತಪ್ಪು. ಸ್ಟಾರ್ ಏನು ಮಾಡೀತು?

ವಿರೋಧ: ಕೊಟ್ಟು ಕೆಡಿಸಬೇಡಿ

ಗೋಡೆಗೆ ಚಾರ್ಟು ನೇತುಹಾಕಿದ ಮೇಲೆ ಆಸೆ ಹುಟ್ಟದೆ ಇದ್ದೀತೆ? ಎರಡನೇ ದಿನಕ್ಕೇ ‘ಮಿಸ್, ನಾನು ರಬ್ಬರ್ ಕೊಟ್ಟೆ, ನೋಡಿ ಮಿಸ್’ ಶುರುವಾಗುತ್ತದೆ. ಬೇಡ ಅಂದವನ ಕೈಗೂ ರಬ್ಬರ್ ತುರುಕುವವರಿದ್ದಾರೆ.

ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕಲ್ ಟೊಮಸೆಲ್ಲೊ 2008ರಲ್ಲಿ ಪ್ರಕಟಿಸಿದ ಪ್ರಯೋಗ ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು, ಏಕೆಂದರೆ ಅಲ್ಲಿ ಪರೀಕ್ಷೆಗಿಟ್ಟದ್ದು ಸಹಾಯವನ್ನೇ. 20 ತಿಂಗಳ ಕೂಸುಗಳು, ದೊಡ್ಡವರ ಕೈಗೆ ಎಟುಕದ ವಸ್ತುವನ್ನು ಎತ್ತಿಕೊಡುತ್ತಿದ್ದವು. ಹಾಗೆ ಕೊಟ್ಟಾಗಲೆಲ್ಲ ಬಹುಮಾನ ಪಡೆದ ಕೂಸುಗಳು, ಬಹುಮಾನ ನಿಂತ ಮೇಲೆ, ಏನೂ ಪಡೆಯದವುಗಳಿಗಿಂತ ಕಡಿಮೆ ಸಹಾಯ ಮಾಡಿದವು. (ಬಾಯಿಮಾತಿನ ಹೊಗಳಿಕೆಯಿಂದ ಅಂಥ ಹಾನಿ ಕಾಣಲಿಲ್ಲ, ಅದನ್ನೂ ಹೇಳಬೇಕು.)

ಸಹಾಯ ದಿನಚರಿಯಲ್ಲೇ ಬೆರೆತ ಮಾದರಿ ನಮ್ಮಲ್ಲೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿ-ಕಲಿ ಎಂಬ ಕಲಿಕಾ ಪದ್ಧತಿಯಲ್ಲಿ ಮಕ್ಕಳು ಗುಂಪುಗಳಲ್ಲಿ ಕೂರುತ್ತಾರೆ. ಕೆಲವು ಗುಂಪುಗಳಿಗೆ ಸಹಪಾಠಿಗಳದೇ ನೆರವು. ಪಕ್ಕದವಳಿಗೆ ಕಾರ್ಡು ಓದಿಸುವುದು ಅಲ್ಲಿ ಕಲಿಕೆಯ ಭಾಗ, ಅದಕ್ಕೆ ಸ್ಟಾರ್ ಯಾಕೆ? ಒಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಇದು ಎಷ್ಟು ನಡೆಯುತ್ತದೆ ಎಂಬುದು ಬೇರೆ ಜಗಳ.

ನನ್ನ ದೊಡ್ಡ ತಕರಾರು ಮನೆಯ ಮೇಲೆ. ಬೆಳಿಗ್ಗೆ ‘ಡಬ್ಬಿ ಯಾರಿಗೂ ಕೊಡಬೇಡ, ನೀನೇ ಖಾಲಿ ಮಾಡು’ ಎಂದು ಕಳಿಸುತ್ತೇವೆ. ಸಂಜೆ, ಹಂಚಿಕೊಂಡದ್ದಕ್ಕೆ ಸ್ಟಾರ್ ಬಂತೆಂದು ಫೋಟೊ ಹಿಡಿದು ಸ್ಟೇಟಸ್ಸಿಗೆ ಹಾಕುತ್ತೇವೆ. ಪಾತ್ರೆ ತೊಳೆಯಲು ಬರುವಾಕೆಗೆ ಕಾಫಿ ಕೊಡುವ ಲೋಟ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಅಡುಗೆಮನೆಯ ಸ್ಟ್ಯಾಂಡಿನಲ್ಲಿಲ್ಲ, ಹಿತ್ತಲ ಕಿಟಕಿಯಲ್ಲಿ ಬೋರಲು ಬಿದ್ದಿದೆ. ಆಕೆಗೆ ಅರವತ್ತಾದರೂ ಮನೆಮಂದಿಗೆಲ್ಲ ‘ನೀನು’, ‘ಬಾ’, ‘ಹೋಗು’. ಡೆಲಿವರಿ ಹುಡುಗ ಐದು ನಿಮಿಷ ತಡಮಾಡಿದರೆ ಬಾಗಿಲಲ್ಲೇ ಬೈಗುಳ. ಹಾಲಿನಲ್ಲಿ ಬಣ್ಣ ಹಚ್ಚುತ್ತ ಕೂತ ಮಗು ಇದನ್ನೆಲ್ಲ ಕೇಳುತ್ತದೆ. ಯಾರಿಗೆ ದಯೆ ತೋರಬೇಕು, ಯಾರಿಗೆ ತೋರದಿದ್ದರೂ ನಡೆಯುತ್ತದೆ ಎಂಬ ಪಾಠ ಅಕ್ಷರಾಭ್ಯಾಸಕ್ಕೆ ಮೊದಲೇ ಮುಗಿದಿರುತ್ತದೆ.

ಪರದವರ ಮರುಮಾತು

ಲೋಟದ ಮಾತು ಒಪ್ಪಿದೆ. ಆದರೆ ಟೀಚರ್ ಆ ಮನೆಯ ಅಡುಗೆಮನೆಗೆ ನುಗ್ಗಲಾದೀತೆ? ಪೋಷಕರ ಸಭೆಯಲ್ಲಿ ಲೋಟದ ಸುದ್ದಿ ತೆಗೆದರೆ ಮರುದಿನ ಮುಖ್ಯಶಿಕ್ಷಕರ ಮುಂದೆ ದೂರು. ಚಾರ್ಟು ಇಳಿಸೋಣ, ಚಾಕೊಲೇಟೂ ಬೇಡ. ಮನೆಗೆ ಬಿಡುವ ಗಂಟೆಗೆ ಮುಂಚೆ ‘ಇವತ್ತು ನಿನಗೆ ಯಾರು ಸಹಾಯ ಮಾಡಿದರು?’ ಎಂದು ಒಬ್ಬೊಬ್ಬರನ್ನೇ ಕೇಳಲು ಬಿಡಿ. ಆಗ ಬಾಯಿ ತೆರೆಯಬೇಕಾದವನು ಸಹಾಯ ಪಡೆದವನು. ‘ನಾನು ರಬ್ಬರ್ ಕೊಟ್ಟೆ, ಮಿಸ್’ ಎನ್ನುವವನು ಕೈಕಟ್ಟಿ ಕಾಯಲಿ.