ವಿದ್ಯುತ್ ಬಾಕಿ: ಎಲ್ಲರಿಗೂ ಒಂದೇ ತಕ್ಕಡಿ ಇರಲಿ

ಜಯಪ್ರಕಾಶ್ ನಾರಾಯಣರ ಹೆಸರು ಹೊತ್ತಿರುವ ಬೆಂಗಳೂರಿನ ಜೆ.ಪಿ. ನಗರದಲ್ಲಿ ವಿದ್ಯುತ್ ಬಿಲ್ಲು ಕಟ್ಟುವ ದಾರಿಗಳಿಗೆ ಕೊರತೆಯಿಲ್ಲ. ಬೆಸ್ಕಾಂ ಕೌಂಟರಿದೆ, ಬೆಂಗಳೂರು ಒನ್ ಕೇಂದ್ರವಿದೆ, ಕೈಯಲ್ಲಿ ಮೊಬೈಲಿದೆ. ಆದರೂ ಬಾಕಿ ಉಳಿಯುವುದು, ಫ್ಯೂಸ್ ಕೀಳುವುದು, ಲೈನ್‌ಮನ್ ಜೊತೆ ಜಗಳವಾಗುವುದು ನಿಂತಿಲ್ಲ. ಕೊಡುವಾಗ ಒಂದು ತಕ್ಕಡಿ, ಪಡೆಯುವಾಗ ಇನ್ನೊಂದು ತಕ್ಕಡಿ ಹಿಡಿಯುವ ಚಾಳಿಯೇ ಇದರ ಮೂಲ.

ಮೊದಲು ವಸೂಲು ಮಾಡುವವರ ತಕ್ಕಡಿಯನ್ನು ನೋಡೋಣ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 56ನೇ ಕಲಮಿನ ಪ್ರಕಾರ, ಸಂಪರ್ಕ ಕಡಿಯುವ ಮುನ್ನ 15 ಪೂರ್ಣ ದಿನಗಳ ಲಿಖಿತ ನೋಟೀಸು ನೀಡಲೇಬೇಕು. ಬಿಲ್ಲಿನ ಬಗ್ಗೆ ತಕರಾರಿದ್ದರೆ, ಕೇಳಿದ ಮೊತ್ತವನ್ನೋ ಹಿಂದಿನ ಆರು ತಿಂಗಳ ಸರಾಸರಿಯಂತೆ ಲೆಕ್ಕ ಹಾಕಿದ ಮೊತ್ತವನ್ನೋ, ಇವೆರಡರಲ್ಲಿ ಕಡಿಮೆಯಾದುದನ್ನು ಆಕ್ಷೇಪಣೆಯೊಂದಿಗೆ ಕಟ್ಟಿದ ಗ್ರಾಹಕನ ಸಂಪರ್ಕವನ್ನು ತಕರಾರು ಇತ್ಯರ್ಥವಾಗುವ ತನಕ ಕಡಿಯುವಂತಿಲ್ಲ. ಈ ಹಕ್ಕು ಎಷ್ಟು ಮನೆಗಳಿಗೆ ತಿಳಿದಿದೆ? ಅತ್ತ ನೀರಿನ ಪಂಪು, ಬೀದಿದೀಪಗಳ ಬಾಬ್ತು ಸ್ಥಳೀಯ ಸಂಸ್ಥೆಗಳೂ ಸರಕಾರಿ ಇಲಾಖೆಗಳೂ ಕೋಟ್ಯಂತರ ರೂಪಾಯಿಗಳನ್ನು ವರ್ಷಗಟ್ಟಲೆ ಬಾಕಿ ಇರಿಸಿಕೊಂಡಿವೆ. ಬಡವನ ಫ್ಯೂಸಿಗೆ ಚಾಚುವ ಕೈ ಅಧಿಕಾರಸ್ಥರ ಬಾಗಿಲಲ್ಲಿ ನಡುಗುವುದೇಕೆ?

ಆದರೆ ಸರಕಾರದ ಅನ್ಯಾಯವು ನಮ್ಮ ಅನ್ಯಾಯಕ್ಕೆ ಪರವಾನಿಗೆಯಾಗದು. ಮದುವೆಯ ಚಪ್ಪರಕ್ಕೆ, ಮೀಲಾದಿನ ದೀಪಾಲಂಕಾರಕ್ಕೆ ಕಂಬದಿಂದ ಕೊಕ್ಕೆ ಹಾಕಿ ವಿದ್ಯುತ್ ಎಳೆಯುವವರು ನಮ್ಮಲ್ಲಿಲ್ಲವೇ? ತಾತ್ಕಾಲಿಕ ಸಂಪರ್ಕ ಪಡೆಯಲು ಅವಕಾಶವಿದ್ದರೂ ಕದ್ದ ಬೆಳಕಿನಲ್ಲಿ ಪ್ರವಾದಿ(ಸ)ಯವರ ಗುಣಗಾನ ಮಾಡುವುದು ಎಂತಹ ವಿಪರ್ಯಾಸ! ಕಾಯ್ದೆಯ 135ನೇ ಕಲಮು ಇದಕ್ಕೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಪರಲೋಕದ ವಿಚಾರಣೆ ಅದಕ್ಕಿಂತ ಕಠಿಣ.

ಮನೆ ಮಾಲಕರೂ ಕಿವಿಗೊಡಲಿ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯು 200 ಯೂನಿಟ್ ಮಿತಿಯೊಳಗಿನ ಅರ್ಹ ಬಳಕೆಗೆ ನೀಡುವ ವಿನಾಯಿತಿ ಬಾಡಿಗೆದಾರರಿಗೂ ಸಲ್ಲುತ್ತದೆ. ಸೊನ್ನೆ ಬಿಲ್ಲನ್ನು ಜೇಬಿನಲ್ಲಿ ಮಡಚಿಟ್ಟುಕೊಂಡು ಬಾಡಿಗೆದಾರನಿಂದ ಕರೆಂಟಿನ ಹಣ ಎಣಿಸಿಕೊಳ್ಳುವವನು ಐದು ಹೊತ್ತು ಮೊದಲ ಸಾಲಿನಲ್ಲಿ ನಿಂತರೇನು ಬಂತು?

ಜನರಿಂದ ಪಡೆಯುವಾಗ ತುಂಬ ಅಳೆದುಕೊಂಡು, ಕೊಡುವಾಗ ಕಡಿಮೆ ಅಳೆಯುವವರನ್ನು ಕುರ್‌ಆನಿನ ಮುತಫ್ಫಿಫೀನ್ ಅಧ್ಯಾಯ ಎಚ್ಚರಿಸಿದೆ. ಗೋಡೆಯ ಮೇಲಿನ ಮೀಟರು ಇಂದಿನ ತಕ್ಕಡಿಯಲ್ಲದೆ ಮತ್ತೇನು? ಅದರಿಂದ ಬರಬೇಕಾದ ಹಣ ಸಾರ್ವಜನಿಕರ ಹಕ್ಕು. ಮನುಷ್ಯರ ಹಕ್ಕನ್ನು ಕಸಿದವನಿಗೆ ಬರೀ ತೌಬಾ ಸಾಲದು, ಕಸಿದುದನ್ನು ಮರಳಿಸಲೂ ಬೇಕು.

ಜುಮಾ ಪ್ರವಚನಗಳಲ್ಲಿ ಖತೀಬರು ಈ ವಿಷಯವನ್ನೆತ್ತಲಿ. ಜಮಾಅತ್‌ಗಳು ಮೊದಲು ಮಸೀದಿಯ ಬಿಲ್ಲನ್ನು ಗಡುವಿನೊಳಗೆ ಕಟ್ಟಲಿ. ಬಾಕಿಯಿಂದ ಕಂಗೆಟ್ಟ ವಿಧವೆಯ ಮನೆಗೆ ಬೈತುಲ್‌ಮಾಲ್‌ನಿಂದ ನೆರವಾಗಲಿ. ಅಕ್ಷರ ಬಾರದವರ ಪರವಾಗಿ ತಕರಾರು ಅರ್ಜಿ ಬರೆದುಕೊಡಲಿ. ನಮ್ಮ ಬಾಕಿಯನ್ನು ನಾವು ಪ್ರಾಮಾಣಿಕವಾಗಿ ತೀರಿಸಿದ ದಿನ, ಸರಕಾರದ ಬಾಕಿಯ ಲೆಕ್ಕ ಕೇಳುವ ನಮ್ಮ ಧ್ವನಿಗೆ ಬಲ ಬರುತ್ತದೆ.