ಧಾರಣೆ ತಿದ್ದಲು ತಂತ್ರಜ್ಞರೇ ಬರಬೇಕೆ?

ಸಹಕಾರ ಸಂಘಗಳು ತಮ್ಮದೇ ಜಾಲತಾಣ ತೆರೆಯುವುದು ಈಗ ವಾಡಿಕೆಯಾಗಿದೆ. ಆದರೆ ಉದ್ಘಾಟನೆಯ ದಿನ ಹೊಳೆಯುವ ತಾಣ ವರ್ಷ ತುಂಬುವುದರೊಳಗೆ ಹಳಸುವುದನ್ನೂ ಕಾಣುತ್ತಿದ್ದೇವೆ. ಮುಗಿದುಹೋದ ಮಹಾಸಭೆಯ ಆಹ್ವಾನ, ನಿವೃತ್ತರಾದ ಕಾರ್ಯದರ್ಶಿಗಳ ದೂರವಾಣಿ ಸಂಖ್ಯೆ ಅಲ್ಲೇ ಇರುತ್ತವೆ. ಅಡಿಕೆ ಧಾರಣೆಯಂತೂ ಎಂದಿನದೋ. ಇದಕ್ಕೆ ಗುಮಾಸ್ತರ ಸೋಮಾರಿತನವೇ ಕಾರಣವೆಂದು ದೂರುವವರುಂಟು. ನಮಗೆ ಹಾಗೆ ತೋರುವುದಿಲ್ಲ. ದೋಷವಿರುವುದು ತಾಣದ ರಚನೆಯಲ್ಲಿ. ಒಂದು ಅಂಕಿ ತಿದ್ದಲೂ ಬೆಂಗಳೂರಿನ ತಂತ್ರಜ್ಞರಿಗೆ ಫೋನು ಮಾಡಿ, ಅವರ ಬಿಡುವಿಗೆ ಕಾದು, ಮೇಲೆ ಶುಲ್ಕವನ್ನೂ ತೆರಬೇಕೆಂದರೆ ದಿನವೂ ಆ ಗೋಜಿಗೆ ಹೋಗುವವರಾರು?

ಇದು ಬರಿಯ ಅಲಂಕಾರದ ಪ್ರಶ್ನೆಯಲ್ಲ. ಕಾಫಿ ಮಂಡಳಿಯ ಪೂಲ್ ಪದ್ಧತಿಯ ಕಾಲದಲ್ಲಿ ದಿನದ ಬೆಲೆ ನೋಡಿ ಮಾರುವ ಪ್ರಮೇಯವೇ ಬೆಳೆಗಾರನಿಗಿರಲಿಲ್ಲ. 1996ರಲ್ಲಿ ಪೂರ್ಣ ಮಾರಾಟ ಸ್ವಾತಂತ್ರ್ಯ ಬಂದ ಮೇಲೆ ಎಂದು ಮಾರಬೇಕೆಂಬ ಹೊಣೆ ಅವನ ಹೆಗಲಿಗೇ ಬಿತ್ತು. ಅಡಿಕೆಯ ಏರಿಳಿತವನ್ನಂತೂ ಹೇಳುವುದೇ ಬೇಡ. ನೆಲಮಂಗಲ, ದೊಡ್ಡಬಳ್ಳಾಪುರದ ಕಡೆಯ ತೋಟದವರಿಗೆ ಶಿವಮೊಗ್ಗದ ಮಂಡಿ ಕೂಗಳತೆಯಲ್ಲಿಲ್ಲ. ಹಳೆಯ ಧಾರಣೆಯನ್ನು ಇಂದಿನದೆಂದು ನಂಬಿ, ಮನೆಬಾಗಿಲಿಗೆ ಬಂದ ವ್ಯಾಪಾರಿಗೆ ಮಾಲು ಒಪ್ಪಿಸಿದರೆ ನಷ್ಟ ಸದಸ್ಯನದು.

ದೊಡ್ಡಬಳ್ಳಾಪುರದಲ್ಲಿ ಜಕಾರ್ಡ್ ಮಗ್ಗ ನೋಡಿದವರಿಗೆ ಈ ವಿಷಯ ಬಿಡಿಸಿ ಹೇಳಬೇಕಿಲ್ಲ. ತೂತು ಹೊಡೆದ ಕಾರ್ಡುಗಳ ಸರ ಬದಲಿಸಿದರೆ ಸೆರಗಿನ ಹೂವು ಬದಲಾಗುತ್ತದೆ; ಅದಕ್ಕಾಗಿ ಯಾರೂ ಮಗ್ಗ ಬಿಚ್ಚುವುದಿಲ್ಲ. ಜಾಲತಾಣದ ಮಗ್ಗಕ್ಕೆ ‘ಥೀಮ್’ ಎಂದು ಹೆಸರು. ವರ್ಡ್‌ಪ್ರೆಸ್ ತಂತ್ರಾಂಶದಲ್ಲಿ 2005ರಿಂದಲೂ ಥೀಮ್ ವ್ಯವಸ್ಥೆಯಿದೆ. 2018ರ ಡಿಸೆಂಬರಿನಿಂದ ಪುಟವನ್ನು ಬಿಡಿ ಬಿಡಿ ಬ್ಲಾಕುಗಳಾಗಿ ತಿದ್ದುವ ಅನುಕೂಲವೂ ಬಂದಿದೆ. ನಮ್ಮ ಜಿಲ್ಲೆಯ ಅಧಿಕೃತ ಜಾಲತಾಣವನ್ನೇ ನೋಡಿ. ಎನ್‌ಐಸಿಯವರ ‘ಎಸ್‌ತ್ರೀವಾಸ್’ ವ್ಯವಸ್ಥೆಯ ಮೇಲೆ ದೇಶದ ಎಷ್ಟೋ ಜಿಲ್ಲೆಗಳ ತಾಣಗಳು ನಿಂತಿವೆ. ಅಚ್ಚು ಒಂದೇ ಬಗೆಯದು. ಚಿತ್ರ, ಅಧಿಕಾರಿಗಳ ಪಟ್ಟಿ, ಟೆಂಡರು, ಪ್ರಕಟಣೆಗಳು ಆಯಾ ಜಿಲ್ಲೆಯವು. ಸರ್ಕಾರಕ್ಕೆ ಸಾಧ್ಯವಾದದ್ದು ಸಂಘಕ್ಕೇಕೆ ಸಾಧ್ಯವಾಗದು?

ಎಲ್ಲವನ್ನೂ ಗುಮಾಸ್ತರಿಗೆ ಬಿಟ್ಟುಕೊಡಿರೆಂದು ನಾವು ಹೇಳುತ್ತಿಲ್ಲ. ಅದೂ ಅಪಾಯವೇ. ಕೈತಪ್ಪಿ ತಲೆಬರಹವೇ ಅಳಿಸಿಹೋದೀತು. ರಾಶಿ, ಬೆಟ್ಟೆ, ಗೊರಬಲು, ಸರಕು ಎಂಬ ಹೆಸರುಗಳು, ಅರೇಬಿಕಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರಿ ಎಂಬ ಸಾಲುಗಳು, ಕ್ವಿಂಟಾಲಿಗೋ 50 ಕಿಲೋ ಚೀಲಕ್ಕೋ ಎಂಬ ಅಳತೆ, ಇವಕ್ಕೆ ಬೀಗ ಬೀಳಲಿ. ಅಂಕಿಯ ಕೋಣೆ ಮಾತ್ರ ತೆರೆದಿರಲಿ. ಅಂಕಿ ತಿದ್ದಿದ ಕ್ಷಣ ದಿನಾಂಕ ತಾನಾಗಿ ಬೀಳುವಂತಿರಬೇಕು. ದಿನಾಂಕವಿಲ್ಲದ ಧಾರಣೆಗಿಂತ ಖಾಲಿ ಹಲಗೆ ಎಷ್ಟೋ ಮೇಲು. ಟೈಪು ಮಾಡಿದ ಹಾಳೆಯ ಫೋಟೋ ತೆಗೆದು ಅಂಟಿಸುವ ಚಾಳಿಯಂತೂ ನಿಲ್ಲಲಿ. ಸಣ್ಣ ಫೋನಿನಲ್ಲಿ ಅದನ್ನು ಓದಲು ಹಿರಿಯ ಸದಸ್ಯರು ಪಡುವ ಪಾಡು ಹೇಳತೀರದು.

ಕನ್ನಡದ ಮಾತೂ ಇದೆ. ಇಂಗ್ಲಿಷಿಗೆಂದು ಹೊಲಿದ ಥೀಮುಗಳಲ್ಲಿ ಸಾಲುಗಳ ನಡುವೆ ಜಾಗ ಸಾಲದೆ ನಮ್ಮ ಒತ್ತಕ್ಷರಗಳು ಕೆಳಸಾಲಿಗೆ ತಾಗುತ್ತವೆ. ‘ಸದಸ್ಯತ್ವದ ಅರ್ಜಿ’ ಎಂಬುದು ಗುಂಡಿಯೊಳಗೆ ಹಿಡಿಸದೆ ಹೊರಚೆಲ್ಲುತ್ತದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಟೈಪಿಸಿದ್ದನ್ನು ಹಾಗೆಯೇ ತಂದು ಅಂಟಿಸಿದರೆ ಪರದೆಯ ಮೇಲೆ ಕಾಣುವುದು ಅರ್ಥವಿಲ್ಲದ ಗುರುತುಗಳು. ಚಂದದ ಮಾದರಿಗೆ ಮರುಳಾಗಿ ಒಪ್ಪಿಗೆ ಕೊಡುವ ಮುನ್ನ ಆಡಳಿತ ಮಂಡಳಿಯವರು ಕನ್ನಡದ ಒಂದು ಇಡೀ ಪುಟ ತುಂಬಿಸಿ ನೋಡಬೇಕು.

ದರಪಟ್ಟಿ ಕರೆಯುವ ಸಂಘಗಳು ಒಂದು ಷರತ್ತನ್ನು ಬರಹದಲ್ಲೇ ಸೇರಿಸಿಕೊಳ್ಳಲಿ. ಸಂಘದ ಗುಮಾಸ್ತರು ಮಂಡಳಿಯ ಎದುರು ಕುಳಿತು, ಯಾರ ನೆರವೂ ಇಲ್ಲದೆ, ತಮ್ಮ ಫೋನಿನಿಂದಲೇ ಅಂದಿನ ಧಾರಣೆ ತಿದ್ದಿ, ಒಂದು ಪ್ರಕಟಣೆ ಸೇರಿಸಿ, ಒಂದು ಚಿತ್ರ ಬದಲಿಸಿ ತೋರಿಸಬೇಕು. ತಂತ್ರಜ್ಞರಿಗೆ ಕೊನೆಯ ಕಂತಿನ ಹಣ ಸಂದಾಯವಾಗುವುದು ಆಮೇಲೆ.