ಪೆಪ್ಪರ್ ಸ್ಪ್ರೇ ಜೊತೆಗೊಂದು ಸೆಕ್ಷನ್

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಎಮರ್ಜೆನ್ಸಿ ಕಿಟ್ ಪಟ್ಟಿ ಬಂತು: ಟಾರ್ಚು, ಓಆರ್‌ಎಸ್, ಪವರ್ ಬ್ಯಾಂಕು, ಹೆಣ್ಮಕ್ಕಳಿಗೆ ಪೆಪ್ಪರ್ ಸ್ಪ್ರೇ. ಕೆಳಗೇ ಅಂಕಲ್ ಒಬ್ಬರ ಬುದ್ಧಿಮಾತು: ‘ಹುಷಾರಮ್ಮ, ಹೊಡೆದ್ರೆ ನಿಮ್ಮ ಮೇಲೇ ಕೇಸಾಗುತ್ತೆ.’

ಇಂಥ ಮಾತು ಕೇಳಿ ಕೇಳಿಯೇ ಒಮ್ಮೆ ನೈಟ್ ಶಿಫ್ಟ್ ಮುಗಿಸಿ ಬರುವಾಗ, ಒಬ್ಬ ಅಡ್ಡಗಟ್ಟಿದರೂ ಬ್ಯಾಗಿನೊಳಗಿನ ಕೈ ಹೊರಗೆ ಬರಲಿಲ್ಲ. ಅವನಿಗಿಂತ ಠಾಣೆಯ ಭಯವೇ ಹೆಚ್ಚಾಗಿತ್ತು.

ಭಾರತೀಯ ನ್ಯಾಯ ಸಂಹಿತೆಯ 34ನೇ ಸೆಕ್ಷನ್ ನೋಡಿ: ಆತ್ಮರಕ್ಷಣೆಯ ಹಕ್ಕು ಬಳಸಿ ಮಾಡಿದ್ದು ಅಪರಾಧವೇ ಅಲ್ಲ. ಮೊದಲ ಏಟು ಬೀಳೋವರೆಗೆ ಕಾಯಬೇಕಿಲ್ಲ; ಬೆದರಿಕೆಯಿಂದ ಸಕಾರಣವಾದ ಭಯ ಹುಟ್ಟಿದ ಕ್ಷಣವೇ ಹಕ್ಕು ಶುರು. ಅತ್ಯಾಚಾರ, ಆಸಿಡ್ ದಾಳಿ ತಡೆಯುವಾಗ ದಾಳಿಕೋರ ಸತ್ತರೂ ಅದು ಈ ಹಕ್ಕಿನೊಳಗೇ ಬರುತ್ತೆ.

ಹಾಗಂತ ಪಾರ್ಕಿಂಗ್ ಜಗಳಕ್ಕೆಲ್ಲ ಸ್ಪ್ರೇ ಎತ್ತಬೇಡಿ. ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಜೀವಕ್ಕೆ ಅಪಾಯವಿಲ್ಲದ ಕಡೆ ಪೆಪ್ಪರ್ ಸ್ಪ್ರೇ ಬಳಸಿದ ಕೇಸೊಂದನ್ನು ರದ್ದು ಮಾಡಲು 2024ರಲ್ಲಿ ನಮ್ಮ ಹೈಕೋರ್ಟೇ ಒಪ್ಪಲಿಲ್ಲ. ಓಡಿಹೋಗ್ತಿರೋನನ್ನ ಅಟ್ಟಿಸಿ ಬಡಿಯೋದು ರಕ್ಷಣೆಯಲ್ಲ, ಸೇಡು. ಆತ್ಮರಕ್ಷಣೆ ಅಂತ ಕೋರ್ಟಿಗೆ ತೋರಿಸೋ ಹೊಣೆಯೂ ನಮ್ಮದೇ. ಅದಕ್ಕೇ ತಪ್ಪಿಸಿಕೊಂಡ ಕೂಡಲೇ 112ಕ್ಕೆ ಕರೆ ಮಾಡಿ, ನೀವೇ ಮೊದಲು ದೂರು ಕೊಡಿ.

ಇಷ್ಟನ್ನೂ ಗ್ರೂಪಿಗೆ ಬರೆದೆ. ಅಂಕಲ್ ಕೈಮುಗಿಯೋ ಎಮೋಜಿ ಹಾಕಿದ್ರು. ಪಟ್ಟಿ ಮಾತ್ರ ಹಾಗೇ ಇದೆ.